ಕಾರಿಗೆ ಬಣ್ಣ ಹೊಡೆಯುವವರ ಉಬ್ಬಸ: ಕೆಲಸಕ್ಕೆ ಸೇರುವ ಮುನ್ನ ವಂಶವಾಹಿ ಪರೀಕ್ಷೆ ಬೇಕೇ?

ಪ್ರಶ್ನೆ

ನಮ್ಮ ಅಣ್ಣ ಗ್ಯಾರೇಜೊಂದರಲ್ಲಿ ಪೇಂಟರ್. ಕೆಲವು ತಿಂಗಳಿನಿಂದ, ಹಾರ್ಡನರ್ (ಬಣ್ಣವನ್ನು ಗಟ್ಟಿಯಾಗಿಸುವ ದ್ರವ) ಬೆರೆಸಿದ ಕ್ಲಿಯರ್ ಕೋಟ್, ಅಂದರೆ ಮೇಲಿನ ಪಾರದರ್ಶಕ ಲೇಪನ, ಹೊಡೆದ ದಿನ ರಾತ್ರಿ ಅವರಿಗೆ ಕೆಮ್ಮು, ಎದೆ ಬಿಗಿತ ಮತ್ತು ಉಬ್ಬಸ ಕಾಣಿಸಿಕೊಳ್ಳುತ್ತಿದ್ದು, ರಜೆ ಹಾಕಿ ಊರಿಗೆ ಬಂದರೆ ತಾನಾಗಿಯೇ ಇಳಿಯುತ್ತದೆ. ಬಣ್ಣ ಹೊಡೆಯುವ ಅದೇ ಬೂತಿನಲ್ಲಿ (ಮುಚ್ಚಿದ ಕೋಣೆಯಲ್ಲಿ) ಬಹಳ ವರ್ಷಗಳಿಂದ ಸ್ಪ್ರೇ ಗನ್ ಹಿಡಿಯುತ್ತಿರುವ ಹಿರಿಯರೊಬ್ಬರಿಗೆ ಏನೂ ಆಗಿಲ್ಲವಾದ್ದರಿಂದ, ಇದು ನಮ್ಮ ವಂಶದಲ್ಲೇ ಇದೆಯೇನೋ ಎಂಬ ಅನುಮಾನ ಮನೆಯಲ್ಲಿದೆ. ತಮ್ಮನೂ ಅದೇ ಕೆಲಸಕ್ಕೆ ಸೇರಬೇಕೆಂದಿದ್ದಾನೆ. ಪರೀಕ್ಷೆ ಮಾಡಿಸಿದರೆ ಮೊದಲೇ ತಿಳಿಯಬಹುದೇ?

ಉತ್ತರ 1

ಅನುಮಾನದಲ್ಲಿ ಸ್ವಲ್ಪ ನಿಜವಿದೆ. ಹಾರ್ಡನರಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸನಾಳದ ಪ್ರೋಟೀನುಗಳಿಗೆ ಅಂಟಿಕೊಂಡು ಅವುಗಳ ರೂಪವನ್ನು ಬದಲಿಸುತ್ತದೆ. ಹೀಗೆ ಬದಲಾದದ್ದನ್ನು ರೋಗನಿರೋಧಕ ಕೋಶಗಳಿಗೆ ತೋರಿಸಿಕೊಡುವುದು ಎಚ್‌ಎಲ್‌ಎ ಎಂಬ ವಂಶವಾಹಿಗಳ ಕೆಲಸ. 1990ರ ದಶಕದ ಯುರೋಪಿನ ಅಧ್ಯಯನಗಳಲ್ಲಿ ಈ ವಂಶವಾಹಿಯ ಡಿಕ್ಯುಬಿ1*0503 ಎಂಬ ರೂಪ ಉಬ್ಬಸ ಬಂದ ಕಾರ್ಮಿಕರಲ್ಲಿಯೂ, 0501 ಎಂಬ ರೂಪ ಆರೋಗ್ಯವಾಗಿ ಉಳಿದವರಲ್ಲಿಯೂ ಹೆಚ್ಚಾಗಿ ಕಂಡಿತು, ಆದರೆ ಎಲ್ಲ ಗುಂಪುಗಳಲ್ಲಿ ಇದೇ ಫಲಿತಾಂಶ ಸಿಗಲಿಲ್ಲ. ವಸ್ತು ಬೇರೆಯಾದರೂ, ನನಗೆ ಇದಕ್ಕಿಂತ ಮುಖ್ಯವೆನಿಸುವುದು ದಕ್ಷಿಣ ಆಫ್ರಿಕಾದ ಪ್ಲಾಟಿನಂ ಶುದ್ಧೀಕರಣ ಘಟಕದ ಅಧ್ಯಯನ. ಪ್ಲಾಟಿನಂ ಲವಣಗಳಿಗೆ ಅಲರ್ಜಿಯಾದವರಲ್ಲಿ ಎಚ್‌ಎಲ್‌ಎಯ ಡಿಆರ್3 ಎಂಬ ಇನ್ನೊಂದು ರೂಪ ಹೆಚ್ಚಾಗಿತ್ತು; ಆದರೆ ಆ ಸಂಬಂಧ ಎದ್ದು ಕಂಡದ್ದು ಕಡಿಮೆ ಲವಣ ತಗುಲುತ್ತಿದ್ದವರಲ್ಲಿ. ಪ್ರಮಾಣ ಹೆಚ್ಚಾದಲ್ಲಿ ವಂಶವಾಹಿಯ ವ್ಯತ್ಯಾಸ ಮಸುಕಾಗುತ್ತದೆ ಎಂದಾಯಿತು.

ಉತ್ತರ 2

ಪರೀಕ್ಷೆಯ ವಿಷಯಕ್ಕೆ ಒಂದು ಲೆಕ್ಕ ಹಾಕಿ ನೋಡಿ. ನೂರು ಪೇಂಟರುಗಳಲ್ಲಿ ಐವರಿಗೆ ಉಬ್ಬಸ ಬರುತ್ತದೆ, ಇಪ್ಪತ್ತು ಜನರಲ್ಲಿ ವಂಶವಾಹಿಯ ಅಪಾಯದ ರೂಪ ಇದೆ ಎಂದುಕೊಳ್ಳೋಣ. ಕಾಯಿಲೆ ಬೀಳುವ ಐವರೂ ಆ ಇಪ್ಪತ್ತರೊಳಗೇ ಇದ್ದರೂ, ಹದಿನೈದು ಜನರ ಅನ್ನವನ್ನು ಸುಮ್ಮನೆ ಕಿತ್ತುಕೊಂಡಂತಾಗುತ್ತದೆ. ವಾಸ್ತವದಲ್ಲಿ ಐವರಲ್ಲಿ ಕೆಲವರು ಹೊರಗೂ ಇರುತ್ತಾರೆ. ಇಂಥ ಪರೀಕ್ಷೆ ಮಾಲೀಕರ ಕೈಗೆ ಸಿಕ್ಕರೆ, ಗಾಳಿ ಶುದ್ಧವಾಗಿಡುವ ಖರ್ಚಿಗಿಂತ ಜನರನ್ನು ಆರಿಸಿ ಕಳುಹಿಸುವುದೇ ಅಗ್ಗವಾಗುತ್ತದೆ ಎಂಬ ಭಯವೂ ನನಗಿದೆ.

ಉತ್ತರ 3

ತಮ್ಮನ ಮಾತು ಆಮೇಲೆ, ಅಣ್ಣನನ್ನು ಮೊದಲು ಶ್ವಾಸಕೋಶ ತಜ್ಞರಿಗೆ ತೋರಿಸಿ. ಉಸಿರನ್ನು ಎಷ್ಟು ವೇಗವಾಗಿ ಊದಬಲ್ಲರೆಂದು ಅಳೆಯುವ ಪೀಕ್ ಫ್ಲೋ ಮೀಟರಿನಲ್ಲಿ ದಿನಕ್ಕೆ ನಾಲ್ಕು ಸಲದಂತೆ, ಕೆಲಸದ ದಿನ ಮತ್ತು ರಜಾದಿನ ಎರಡರಲ್ಲೂ, ಮೂರ್ನಾಲ್ಕು ವಾರ ಊದಿ ಬರೆದಿಟ್ಟ ಅಂಕಿಗಳು ವೈದ್ಯರಿಗೆ ಬಹಳ ಉಪಯುಕ್ತ. ಒಮ್ಮೆ ದೇಹ ಐಸೊಸಯನೇಟಿಗೆ ತಿರುಗಿಬಿದ್ದರೆ ಅತ್ಯಲ್ಪ ಪ್ರಮಾಣವೂ ಸಾಕಾಗುವುದರಿಂದ, ರೋಗ ಖಚಿತವಾದರೆ ಬೇಗ ಆ ಕೆಲಸದಿಂದ ದೂರವಾದಷ್ಟೂ ಚೇತರಿಕೆಯ ಅವಕಾಶ ಹೆಚ್ಚು. ತಮ್ಮ ಸೇರಲೇಬೇಕೆಂದರೆ, ಹೊರಗಿನ ಶುದ್ಧ ಗಾಳಿಯನ್ನು ಪೈಪಿನಲ್ಲಿ ಒದಗಿಸುವ ಮುಖವಾಡ ಆ ಗ್ಯಾರೇಜಿನಲ್ಲಿ ಇದೆಯೇ ಎಂದು ಕೇಳಲಿ. ಗನ್ ನಿಂತ ಮೇಲೂ ಕಣ್ಣಿಗೆ ಕಾಣದ ಮಂಜು ಬೂತಿನಲ್ಲಿ ಇರುತ್ತದೆ, ಮೂಗಿಗೆ ವಾಸನೆಯೂ ತಿಳಿಯುವುದಿಲ್ಲ. ಫಿನಿಶಿಂಗ್ ಸರಿಯಾಗಿದೆಯೇ ಎಂದು ಮುಖದ ಗಾಜನ್ನು ಮೇಲೆತ್ತಿ ನೋಡುವ ಅಭ್ಯಾಸ ಹಲವು ಪೇಂಟರುಗಳಿಗಿದೆ, ಅದನ್ನು ಮಾತ್ರ ಆತ ಕಲಿಯದಿರಲಿ.