ವಿಸ್ಕಾನ್ಸಿನ್‌ನಲ್ಲಿ ಮೊದಲ ಸಲ ಜಿಂಕೆ ಬೇಟೆಗೆ ಹೊರಟಿದ್ದೇನೆ, ಏನೇನು ಗೊತ್ತಿರಬೇಕು?

ಹೊಸಬ_ಮ್ಯಾಡಿಸನ್:

ಎಲ್ಲರಿಗೂ ನಮಸ್ಕಾರ. ಮ್ಯಾಡಿಸನ್‌ಗೆ ಬಂದು 2 ವರ್ಷ ಆಯಿತು. ನವೆಂಬರ್ ಕೊನೆಗೆ ನಮ್ಮ ಆಫೀಸು ಅರ್ಧ ಖಾಲಿ. ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ಶನಿವಾರ ಶುರುವಾಗುವ 9 ದಿನದ ಬಂದೂಕಿನ ಸೀಸನ್ ಅಂದರೆ ಇಲ್ಲಿನವರಿಗೆ ನಮ್ಮ ಊರಹಬ್ಬ ಇದ್ದ ಹಾಗೆ. ಈ ಸಲ ನಮ್ಮ ಟೀಮಿನ ಹಿರಿಯರೊಬ್ಬರು ರಿಚ್‌ಲ್ಯಾಂಡ್ ಕೌಂಟಿಯಲ್ಲಿರುವ ಅವರ ಅಣ್ಣನ ಜಮೀನಿಗೆ ಬಾ ಎಂದು ಕರೆದಿದ್ದಾರೆ. ರೈಫಲ್ ಅವರೇ ಕೊಡುತ್ತಾರಂತೆ.

ನನ್ನದು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ಜೀವನದಲ್ಲಿ ಕೈಯಲ್ಲಿ ಹಿಡಿದ ಅತಿ ದೊಡ್ಡ ಆಯುಧ ಅಂದರೆ ಎಳನೀರು ಕೆತ್ತುವ ಮಚ್ಚು. ಕುರಿ, ಕೋಳಿ ಎಲ್ಲ ತಿನ್ನುತ್ತೇವೆ, ಆದರೂ ಮನೆಯವಳು "ಜಿಂಕೆ ಪಾಪ ಕಣ್ರೀ" ಎಂದು ಎರಡು ವಾರದಿಂದ ಹೇಳುತ್ತಿದ್ದಾಳೆ. ನನಗೂ ಒಳಗೆ ಸ್ವಲ್ಪ ಅಳುಕು ಇದೆ. ಹೋಗಲಿ ಅಂದರೆ ಮನಸ್ಸು ಬಿಡುವುದಿಲ್ಲ.

ಬಟ್ಟೆ ಏನು, ಅಭ್ಯಾಸ ಎಷ್ಟು, ಹೊಡೆದ ಮೇಲೆ ಏನು ಮಾಡಬೇಕು? ನಾನು ಎಚ್‌1ಬಿ ಕೆಲಸದ ವೀಸಾ ಮೇಲೆ ಇದ್ದೇನೆ, ಅದರಿಂದ ಏನಾದರೂ ತೊಂದರೆಯಾ? ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಹಳು_ನುಗ್ಗಿದವ:

ನಮ್ಮದು ಮೂಡಿಗೆರೆ ಕಡೆ. ಓ ಕ್ಲೇರ್ ಹತ್ತಿರ 17 ಸೀಸನ್ ಆಯಿತು. ನೀವು ಕೇಳಿದ ಕ್ರಮದಲ್ಲಿ ಬರೆಯುವುದಿಲ್ಲ, ತಲೆಗೆ ಬಂದ ಹಾಗೆ ಬರೆಯುತ್ತೇನೆ.

ಮೊದಲು ಚಳಿ. ನೀವು ಅಂದುಕೊಂಡಿರುವುದು ನಡೆಯುವ ಚಳಿ. ಇದು ಕೂರುವ ಚಳಿ, ಅದೇ ಬೇರೆ. ಬೆಳಗಿನ ಜಾವ ಮೈನಸ್ 10 ಡಿಗ್ರಿಯಲ್ಲಿ 4 ಗಂಟೆ ಅಲ್ಲಾಡದೆ ಕೂತು ನೋಡಿ, ಕಾಲಿನ ಬೆರಳು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹತ್ತಿ ಬಟ್ಟೆ ಒಳಗೆ ಹಾಕಬೇಡಿ, ಬೆವರು ಒಣಗುವುದಿಲ್ಲ. ಉಣ್ಣೆ ಒಳ್ಳೆಯದು. ದಪ್ಪ ಜಾಕೆಟ್ಟನ್ನು ಚೀಲದಲ್ಲಿ ಒಯ್ದು, ಜಾಗ ತಲುಪಿದ ಮೇಲೆ ಹಾಕಿಕೊಳ್ಳಿ. ಸೊಂಟದ ಮೇಲೆ ಹೊರಗಿನ ಬಟ್ಟೆ ಅರ್ಧದಷ್ಟಾದರೂ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಇರಬೇಕು, ಕಾನೂನು. 2016ರಿಂದ ಗುಲಾಬಿಯೂ ನಡೆಯುತ್ತದೆ. ಟೋಪಿ ಹಾಕಿದರೆ ಅದಕ್ಕೂ ಇದೇ ಲೆಕ್ಕ. ಜಿಂಕೆಗೆ ಆ ಬಣ್ಣ ನಮಗೆ ಕಾಣುವ ಹಾಗೆ ಕಾಣುವುದಿಲ್ಲ, ಚಿಂತೆ ಬೇಡ.

ಅದಕ್ಕೆ ಸಿಗುವುದು ನಿಮ್ಮ ವಾಸನೆ, ನಿಮ್ಮ ಅಲುಗಾಟ. ಗಾಳಿ ನಿಮ್ಮ ಬೆನ್ನಿನಿಂದ ಜಿಂಕೆ ಬರುವ ದಾರಿಗೆ ಬೀಸುತ್ತಿದ್ದರೆ ಸುಮ್ನೆ ಮನೆಗೆ ಹೋಗಿ ಮಲಗಬಹುದು. ಗಾಳಿಯನ್ನು ನೋಡದೆ ಕೂತು ನಾನು ಎಷ್ಟು ಬೆಳಗ್ಗೆ ಹಾಳು ಮಾಡಿಕೊಂಡಿದ್ದೇನೋ.

ರೈಫಲ್ ಸಾಲದ್ದು ಅಂದಿರಿ. ಪರವಾಗಿಲ್ಲ. ಆದರೆ ಅದೇ ರೈಫಲ್ಲು, ಅದೇ ಕಂಪನಿಯ ತೋಟಾ ತೆಗೆದುಕೊಂಡು ಎರಡು ಮೂರು ಸಲ ರೇಂಜಿಗೆ, ಅಂದರೆ ಗುಂಡು ಹೊಡೆದು ಅಭ್ಯಾಸ ಮಾಡುವ ಜಾಗಕ್ಕೆ, ಹೋಗಿ. ಬೆಂಚಿನ ಮೇಲೆ ಇಟ್ಟು ಹೊಡೆದರೆ ಎಲ್ಲರೂ ಶೂರರೇ. ಕೂತು ಹೊಡೆಯಿರಿ, ಮೊಣಕಾಲಿನ ಮೇಲೆ ಹೊಡೆಯಿರಿ, ದಪ್ಪ ಜಾಕೆಟ್ ಹಾಕಿಕೊಂಡೇ ಹೊಡೆಯಿರಿ. ಜಾಕೆಟ್ ಹಾಕಿದರೆ ಬಂದೂಕು ಹೆಗಲಿಗೆ ಕೂರುವ ರೀತಿಯೇ ಬದಲಾಗುತ್ತದೆ, ಸ್ಕೋಪಿನಲ್ಲಿ ಕಪ್ಪು ಮಾತ್ರ ಕಾಣುತ್ತದೆ. ಮೊದಲ ವರ್ಷ 100 ಗಜಕ್ಕಿಂತ ದೂರ ಯೋಚಿಸಲೇಬೇಡಿ.

ಹಂಟರ್ ಎಜುಕೇಶನ್ ಕೋರ್ಸ್ ಮಾಡಲೇಬೇಕು, 1973 ಜನವರಿ 1 ಅಥವಾ ಆಮೇಲೆ ಹುಟ್ಟಿದವರಿಗೆಲ್ಲ ಕಡ್ಡಾಯ. 18 ದಾಟಿದವರು ಆನ್‌ಲೈನ್‌ನಲ್ಲೇ ಮುಗಿಸಬಹುದು. ಅನುಭವಿಯೊಬ್ಬರ ಕೈಯಳತೆಯಲ್ಲಿ ಕೂತು ಕೋರ್ಸ್ ಇಲ್ಲದೆಯೂ ಹೊಡೆಯುವ ಲೈಸೆನ್ಸ್ ಒಂದಿದೆ. ನಾನು ಅದನ್ನು ಹೇಳುವುದಿಲ್ಲ, ಕೋರ್ಸೇ ಮಾಡಿ. ಎಲ್ಲ ಬಂದೂಕಿನಲ್ಲೂ ತೋಟಾ ಇದೆ ಅಂತಲೇ ತಿಳಿಯಬೇಕು, ನಳಿಗೆ ಯಾವಾಗಲೂ ಯಾರೂ ಇಲ್ಲದ ಕಡೆಗೆ, ಗುರಿ ಏನು ಮತ್ತು ಅದರ ಹಿಂದೆ ಏನಿದೆ ಎರಡೂ ಖಾತ್ರಿ, ಹೊಡೆಯುವ ಕ್ಷಣದವರೆಗೆ ಬೆರಳು ಬಂದೂಕಿನ ಕುದುರೆಯ (ಟ್ರಿಗರ್) ಹತ್ತಿರವೂ ಹೋಗಬಾರದು. ಇಷ್ಟನ್ನು ಅಲ್ಲಿ ಬಾಯಿಪಾಠ ಮಾಡಿಸುತ್ತಾರೆ.

ಮರದ ಮೇಲೆ ಕೂರಿಸಿದರೆ ಮೈಗೆಲ್ಲ ಬಿಗಿಯುವ ಬೆಲ್ಟ್ ಕೇಳಿ ಪಡೆಯಿರಿ, ನಾಚಿಕೆ ಬೇಡ. ಬಂದೂಕು ಹಿಡಿದು ಏಣಿ ಹತ್ತಬಾರದು. ಖಾಲಿ ಮಾಡಿ, ಹಗ್ಗ ಕಟ್ಟಿ, ಹತ್ತಿದ ಮೇಲೆ ಎಳೆದುಕೊಳ್ಳಬೇಕು. ಇಲ್ಲಿ ಗುಂಡಿಗಿಂತ ಏಣಿಗೆ ನಾನು ಜಾಸ್ತಿ ಹೆದರುತ್ತೇನೆ.

ಈಗ ಮುಖ್ಯ ವಿಷಯ. ಜಿಂಕೆ ಪೂರ್ತಿ ಅಡ್ಡ ನಿಂತಾಗ ಮಾತ್ರ ಹೊಡೆಯಿರಿ. ಮುಂಗಾಲಿನ ಹಿಂದೆ, ಎದೆಯ ಕೆಳಗಿನ ಮೂರನೇ ಒಂದು ಭಾಗದ ಹತ್ತಿರ. ಹೃದಯ, ಶ್ವಾಸಕೋಶ ಎರಡೂ ಅಲ್ಲೇ. ತಲೆಗೆ ಬೇಡ, ಓಡುವುದಕ್ಕೆ ಬೇಡ, ಎದುರುಬದುರು ಬೇಡ.

ನನ್ನ ಎರಡನೇ ಸೀಸನ್ನಿನ ಕಥೆ ಹೇಳುತ್ತೇನೆ. ಸಂಜೆ, ಬೆಳಕು ಇನ್ನೇನು ಮುಗಿಯಬೇಕು. ಎಂಟು ಕವಲಿನ ಕೋಡಿನ ಗಂಡು 70 ಗಜದಲ್ಲಿ ಬಂತು, ನಿಲ್ಲಲಿಲ್ಲ, ನಿಧಾನ ನಡೆಯುತ್ತಲೇ ಇತ್ತು. ಹೋಗಿಬಿಡುತ್ತದೆ ಅನ್ನುವ ಆಸೆಗೆ ಹೊಡೆದೆ. ಜಿಂಕೆ ನೆಗೆಯಲಿಲ್ಲ. ಬೆನ್ನು ಗೂನು ಮಾಡಿಕೊಂಡು, ಹೊಟ್ಟೆನೋವು ಬಂದವರ ಹಾಗೆ, ಪೊದೆಯ ಒಳಗೆ ನಡೆದು ಹೋಯಿತು. ಅಷ್ಟು ನೋಡಿಯೇ ನನಗೆ ಗೊತ್ತಾಗಬೇಕಿತ್ತು. ಐದೇ ನಿಮಿಷಕ್ಕೆ ಕೆಳಗಿಳಿದು ಹೋದೆ. ಹಿಮದ ಮೇಲೆ ಸ್ವಲ್ಪವೇ ರಕ್ತ, ಅದರಲ್ಲಿ ಹಸಿರು ಹಸಿರು, ಸಗಣಿಯಂಥ ವಾಸನೆ. ಹೊಟ್ಟೆಗೆ ಬಿದ್ದಿತ್ತು. 40 ಹೆಜ್ಜೆ ಆಚೆ ಅದು ಮಲಗಿತ್ತಂತ ಕಾಣುತ್ತದೆ, ನನ್ನ ಸದ್ದಿಗೆ ಎದ್ದು ಓಡಿತು. ರಾತ್ರಿ ಹಿಮ ಬಿತ್ತು. ಮಾರನೇ ದಿನ ಮಧ್ಯಾಹ್ನದವರೆಗೆ ಹುಡುಕಿದೆ, ಸಿಗಲಿಲ್ಲ. ಎರಡು ದಿನ ಆದ ಮೇಲೆ ಕಾಗೆ ಕೂಗಿದ ಕಡೆ ಹೋದರೆ ಉಳಿದದ್ದು ಪಕ್ಕೆಲುಬು, ಆ ಕೋಡು. ಕೋಡನ್ನು ಮುಟ್ಟುವುದಕ್ಕೂ ಮನಸ್ಸು ಬರಲಿಲ್ಲ.

ಹೊಟ್ಟೆಗೆ ಬಿದ್ದರೆ 8ರಿಂದ 12 ಗಂಟೆ ಆ ಕಡೆ ಹೋಗಬಾರದು. ಗುಲಾಬಿ ಬಣ್ಣದ ನೊರೆ ರಕ್ತ ಕಂಡರೆ ಶ್ವಾಸಕೋಶ, ಅರ್ಧ ಗಂಟೆ ಕಾದರೆ ಸಾಕು, ಹತ್ತಿರದಲ್ಲೇ ಬಿದ್ದಿರುತ್ತದೆ. ಕಡುಗೆಂಪು ಇದ್ದರೆ ಲಿವರ್, ಕೆಲವು ಗಂಟೆ ಕಾಯಬೇಕು. ಹೊಡೆದ ತಕ್ಷಣ ಇಳಿಯಬೇಡಿ. ಅದು ನಿಂತಿದ್ದ ಜಾಗ, ಕೊನೆಗೆ ಕಂಡ ಮರ, ಎರಡನ್ನೂ ಕೂತಲ್ಲಿಂದಲೇ ಗುರುತು ಮಾಡಿಕೊಳ್ಳಿ.

ಇನ್ನೊಂದು, ಎರಡನೇ ದಿನಕ್ಕೆ ಅವರು "ಡ್ರೈವ್ ಮಾಡೋಣ" ಅನ್ನಬಹುದು. ಕಾರಿನ ಡ್ರೈವ್ ಅಲ್ಲ. ನಮ್ಮ ಅಜ್ಜ ಹೇಳುತ್ತಿದ್ದ ಸೋವು ಇದೆಯಲ್ಲ, ಅದೇ. ಕೆಲವರು ಹಳು (ಪೊದೆಗಾಡು) ನುಗ್ಗಿ ಓಡಿಸುವುದು, ಕೆಲವರು ಬಿಲ್ಲಿಗೆ, ಅಂದರೆ ಪ್ರಾಣಿ ಹೊರಬರುವ ಕಡೆ ಬಂದೂಕು ಹಿಡಿದು, ನಿಲ್ಲುವುದು. ಮೊದಲ ಸಲ ಅದರಲ್ಲಿ ಬಂದೂಕು ಹಿಡಿಯಬೇಡಿ. ಓಡುವ ಪ್ರಾಣಿ, ಎದುರಿಗೆ ಮನುಷ್ಯರು, ಬೇಡವೇ ಬೇಡ.

ವೀಸಾ_ಪುರಾಣ:

ಎಚ್‌1ಬಿ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ನಾನು ಹೇಳುತ್ತೇನೆ. ವಕೀಲನಲ್ಲ, ಆದರೆ ಇದೇ ದಾರಿಯಲ್ಲಿ ನಡೆದವನು.

ಎಚ್‌1ಬಿಯಂಥ ವೀಸಾದಲ್ಲಿ ಬಂದವರು ಬಂದೂಕು, ತೋಟಾ ಇಟ್ಟುಕೊಳ್ಳುವ ಹಾಗೇ ಇಲ್ಲ. ಅದು ಫೆಡರಲ್ ಕಾನೂನು, ರಾಜ್ಯದ್ದಲ್ಲ. ಆದರೆ ಅದಕ್ಕೆ ವಿನಾಯಿತಿ ಇದೆ, ಅದರಲ್ಲಿ ಒಂದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಕೋರ್ಸ್, ಆಮೇಲೆ ಲೈಸೆನ್ಸ್, ಅದಾದ ಮೇಲೆ ರೇಂಜು. ಗೆಳೆಯರದ್ದು ತಾನೇ, ಒಂದು ಸಲ ಹಿಡಿದು ನೋಡೋಣ ಅಂತ ಲೈಸೆನ್ಸಿಗೆ ಮುಂಚೆ ಕೈ ಹಾಕಬೇಡಿ. ಸಿಕ್ಕಿಬಿದ್ದರೆ ದಂಡ ಕಟ್ಟಿ ಬರುವ ಕೇಸಲ್ಲ, ಗ್ರೀನ್ ಕಾರ್ಡ್ ಆಸೆಯೂ ಅಲ್ಲಿಗೇ ಮುಗಿಯಬಹುದು. ವಿಸ್ಕಾನ್ಸಿನ್ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್‌ನಲ್ಲಿ ಹೊಸದು ಮಾಡಿಸದೆ ಬಂದೂಕು ಮನೆಯಲ್ಲಿದ್ದರೆ ಆ ವಿನಾಯಿತಿಯೂ ಇಲ್ಲ. ಒಂದು ಸಲ ನಿಮ್ಮ ವಕೀಲರಿಗೆ ಮೇಲ್ ಹಾಕಿ, ಉತ್ತರವನ್ನು ಇಟ್ಟುಕೊಳ್ಳಿ.

ಕಾಚಂಪುಳಿ_ಅಕ್ಕ:

ನಾನು ಬಂದೂಕು ಹಿಡಿಯುವವಳಲ್ಲ, ನಮ್ಮ ಮನೆಯವರು ಹಿಡಿಯುತ್ತಾರೆ. ಕೊಡಗಿನ ಕೈಲ್ ಮುಹೂರ್ತ ಹಬ್ಬಕ್ಕೆ ಬಂದೂಕಿಗೆ ಹೂ ಇಡುವ ಊರಿನವರು, ಕೇಳಬೇಕಾ. ನನ್ನ ಕೆಲಸ ಅದು ಬಿದ್ದ ಮೇಲೆ ಶುರು. ಯಾರೂ ಅದನ್ನು ಸರಿಯಾಗಿ ಹೇಳುವುದಿಲ್ಲ.

ಜಿಂಕೆ ಬಿದ್ದ ಜಾಗದಲ್ಲೇ ಹೊಟ್ಟೆ ಬಗೆದು ಕರುಳು ತೆಗೆಯಬೇಕು, ತಡ ಮಾಡಿದಷ್ಟೂ ಮಾಂಸ ಕೆಡುತ್ತದೆ. ಕೈಗವಸು ಹಾಕಿ. ಚಾಕುವಿನ ಅಲಗು ಮೇಲ್ಮುಖ ಇರಲಿ, ಎರಡು ಬೆರಳನ್ನು ಒಳಗಿಟ್ಟು ಚರ್ಮವನ್ನು ಎತ್ತಿ ಹಿಡಿದು ಕುಯ್ಯಿರಿ, ಇಲ್ಲದಿದ್ದರೆ ತುದಿ ಕರುಳಿಗೆ ತಾಗುತ್ತದೆ. ಮೂತ್ರದ ಚೀಲ ಒಡೆಯದ ಹಾಗೆ ನೋಡಿಕೊಳ್ಳಿ. ಆಮೇಲೆ ತಂಪು, ತಂಪು, ತಂಪು. 4 ಡಿಗ್ರಿಗಿಂತ ಕೆಳಗೆ. ಗಾಡಿಯ ಹಿಂದೆ ಹಾಕಿಕೊಂಡು ಊರೆಲ್ಲ ತೋರಿಸಿ ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಾರನೇ ದಿನ ಸಂಜೆ 5ರ ಒಳಗೆ ಫೋನಿನಲ್ಲೋ ಆನ್‌ಲೈನ್‌ನಲ್ಲೋ ರಿಜಿಸ್ಟರ್ ಮಾಡುವುದನ್ನು ಮರೆಯಬೇಡಿ.

ರಿಚ್‌ಲ್ಯಾಂಡ್ ಅಂದಿರಿ, ಆ ಕಡೆ ಸಿಡಬ್ಲ್ಯುಡಿ ಜಾಸ್ತಿ. ಜಿಂಕೆಗಳಿಗೆ ಬರುವ ಮಿದುಳಿನ ಕಾಯಿಲೆ, ವಿಸ್ಕಾನ್ಸಿನ್‌ನಲ್ಲಿ ಮೊದಲು ಸಿಕ್ಕಿದ್ದು 2002ರಲ್ಲಿ. ಮನುಷ್ಯರಿಗೆ ಬಂದ ಉದಾಹರಣೆ ಇಲ್ಲ, ಆದರೂ ಪಾಸಿಟಿವ್ ಬಂದರೆ ತಿನ್ನಬೇಡಿ ಎಂದು ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯೇ ಹೇಳುತ್ತದೆ. ಕುಕ್ಕರಿನಲ್ಲಿ ಎಷ್ಟು ಸೀಟಿ ಹೊಡೆಸಿದರೂ ಅದು ಸಾಯುವ ರೋಗವಲ್ಲ. ತಲೆಯನ್ನು ಪರೀಕ್ಷೆಯ ಡಬ್ಬಕ್ಕೆ ಹಾಕಿ ಬನ್ನಿ, ಕಾಸು ಕೊಡಬೇಕಿಲ್ಲ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿರಲಿ, ಯಾವ ಜಿಂಕೆಯದು ಅಂತ ಕವರಿನ ಮೇಲೆ ಬರೆದು.

ಅಡುಗೆಗೆ ಬಂದರೆ, ಕುರಿ ಮಾಂಸದ ಹಾಗೆ ಅಂದುಕೊಂಡರೆ ಕೆಟ್ಟಿರಿ. ಇದರಲ್ಲಿ ಕೊಬ್ಬೇ ಇಲ್ಲ. ಇರುವ ಚೂರು ಮೇಣದ ಹಾಗೆ ಬಾಯಿಯ ಅಂಗಳಕ್ಕೆ ಅಂಟುತ್ತದೆ, ಅದನ್ನೂ ಮೇಲಿನ ಬಿಳಿ ಪೊರೆಯನ್ನೂ ಕೆತ್ತಿ ಬಿಸಾಡಿ. ಬೆನ್ನಿನುದ್ದದ ಮೆತ್ತನೆ ಪಟ್ಟಿಯನ್ನು ಬೇಯಿಸಬೇಡಿ, ಕಾದ ಬಾಣಲೆಯಲ್ಲಿ ತುಪ್ಪ, ಮೆಣಸು ಹಾಕಿ ಬೇಗ ತಿರುಗಿಸಿ ತೆಗೆಯಿರಿ. ಮುಂಗಾಲು, ಕುತ್ತಿಗೆ ಎಲ್ಲ ಕುಕ್ಕರಿಗೆ. ಹುರಿದ ಮೆಣಸು, ಜೀರಿಗೆ, ಕೊನೆಗೆ ನಮ್ಮ ಕೊಡಗಿನ ಹುಳಿ ಕಾಚಂಪುಳಿ.

ತುಂಗಾತೀರ:

ಅಕ್ಕ ಬರೆದಿದ್ದು ಓದಿ ಬಾಯಲ್ಲಿ ನೀರು ಬಂತು, ಆದರೂ ಹೇಳಿಬಿಡುತ್ತೇನೆ, ನನಗೆ ಇದು ಸರಿ ಕಾಣುವುದಿಲ್ಲ. ಅಂಗಡಿಯಲ್ಲಿ ಮಾಂಸ ಸಿಗುವ ಊರಿನಲ್ಲಿ ಬಂದೂಕು ಯಾಕೆ?

ಅದು ಬಿಡಿ. ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನು ಹೊಡೆದರೂ ಜೈಲೇ. ನಿಮ್ಮ ಫೋಟೋ ಹತ್ತು ಕೈ ದಾಟುವ ಹೊತ್ತಿಗೆ ಅದು ವಿಸ್ಕಾನ್ಸಿನ್ನೋ ಬಂಡೀಪುರವೋ ಯಾರಿಗೂ ಗೊತ್ತಿರುವುದಿಲ್ಲ. ಕೋಡನ್ನು ಸೂಟ್‌ಕೇಸಿನಲ್ಲಿ ಊರಿಗೆ ಒಯ್ಯುವ ಯೋಚನೆಯೂ ಬೇಡ.

ಹಳು_ನುಗ್ಗಿದವ:

ಫೋಟೋ ವಿಷಯಕ್ಕೆ ನೂರಕ್ಕೆ ನೂರು ಒಪ್ಪಿದೆ. ಇನ್ನೊಂದಕ್ಕೆ ವಾದ ಮಾಡುವುದಿಲ್ಲ. ಇಲ್ಲಿ ಜಿಂಕೆ ಲಕ್ಷಗಟ್ಟಲೆ, ಎಷ್ಟು ಹೊಡೆಯಬೇಕು ಅಂತ ಕೌಂಟಿ ಲೆಕ್ಕದಲ್ಲಿ ಸರ್ಕಾರವೇ ಟ್ಯಾಗ್, ಅಂದರೆ ಪರವಾನಗಿ ಚೀಟಿ, ಕೊಡುತ್ತದೆ. ನವೆಂಬರ್‌ನಲ್ಲಿ ರಸ್ತೆ ಬದಿ ಕಾರಿಗೆ ಸಿಕ್ಕಿ ಸತ್ತು ಬಿದ್ದವನ್ನು ನೋಡಿಯೇ ಇರುತ್ತೀರಿ. ಊರಲ್ಲಿದ್ದಿದ್ದರೆ ನಾನೂ ಕೋವಿ ಮುಟ್ಟುತ್ತಿರಲಿಲ್ಲ. ಎರಡೂ ಕಾಡು ಒಂದೇ ಅಲ್ಲ, ಅಷ್ಟೇ.

ಹೊಸಬ_ಮ್ಯಾಡಿಸನ್:

ಹೋಗಿ ಬಂದೆ. ವಕೀಲರಿಂದ ಉತ್ತರ, ಕೋರ್ಸ್, ಲೈಸೆನ್ಸ್, ರೇಂಜು, ಎಲ್ಲ ಕ್ರಮವಾಗಿಯೇ ಆಯಿತು.

ಶನಿವಾರ ಬೆಳಗ್ಗೆ 7:40ಕ್ಕೆ ಒಂದು ಹೆಣ್ಣು, ಹಿಂದೆ ಅದೇ ವರ್ಷದ ಮರಿ. 50 ಗಜ ಇರಬಹುದು. ನನ್ನ ಎದೆಬಡಿತಕ್ಕೆ ಸ್ಕೋಪಿನ ಗೆರೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಹೆಣ್ಣಿನ ಟ್ಯಾಗ್ ಇತ್ತು, ಅಡ್ಡವೂ ನಿಂತಿತ್ತು. ಆದರೆ ನಿಂತಿದ್ದು ದಿಬ್ಬದ ನೆತ್ತಿಯ ಮೇಲೆ, ಅದರ ಹಿಂದೆ ಬರೀ ಆಕಾಶ. ಆಚೆ ಏನಿದೆ ಗೊತ್ತಿಲ್ಲ. ಬೆರಳು ಹೊರಗೇ ಇಟ್ಟೆ. ಅದು ನನ್ನ ಕಡೆ ನೋಡಿ, ಒಂದು ಮುಂಗಾಲನ್ನು ನೆಲಕ್ಕೆ ಎರಡು ಸಲ ಕುಟ್ಟಿ, ಬಿಳಿ ಬಾಲ ಎತ್ತಿಕೊಂಡು ಹೋಯಿತು. ಆಮೇಲೆ ಆ ಅಣ್ಣನವರನ್ನು ಕೇಳಿದರೆ ದಿಬ್ಬದ ಆಚೆ ಪಕ್ಕದವರ ದನದ ಕೊಟ್ಟಿಗೆಯಂತೆ.

ಮಧ್ಯಾಹ್ನ ಅವರು ಒಂದು ಗಂಡು ಹೊಡೆದರು. ನಾನು ಹಿಂಗಾಲು ಅಗಲಿಸಿ ಹಿಡಿದುಕೊಂಡೆ, ಅವರು ಕುಯ್ದರು. ಒಳಗಿಂದ ಹಬೆ ಏಳುತ್ತಿತ್ತು, ನನ್ನ ಮರಗಟ್ಟಿದ ಕೈ ಅಲ್ಲಿ ಬೆಚ್ಚಗಾಯಿತು. ಇದನ್ನು ಮನೆಯಲ್ಲಿ ಹೇಳಿಲ್ಲ.

6 ಪೌಂಡ್ ಪಾಲು ಕೊಟ್ಟಿದ್ದಾರೆ. ತಲೆ ಡಬ್ಬಕ್ಕೆ ಹೋಗಿದೆ, ಫಲಿತಾಂಶ ಬಂದಿಲ್ಲ. "ಪಾಪ" ಅಂದವಳೇ ದಿನಾ ಬಂತಾ ಬಂತಾ ಎಂದು ಕೇಳುತ್ತಿದ್ದಾಳೆ. ಅಕ್ಕ, ನಮ್ಮ ಮನೆಯಲ್ಲಿ ಕಾಚಂಪುಳಿ ಇಲ್ಲ. ಹುಣಸೆಹಣ್ಣು ನಡೆಯುತ್ತದಾ?

ಕಾಚಂಪುಳಿ_ಅಕ್ಕ:

ನಡೆಯುತ್ತದೆ, ನಮ್ಮ ಅತ್ತೆಗೆ ಹೇಳಬೇಡಿ. ಆದರೆ ರುಚಿ ನೋಡಿಕೊಂಡು ಹಾಕಿ, ಒಲೆ ಆರಿಸುವ ಮುಂಚೆ. ವಿಳಾಸ ಮೆಸೇಜ್ ಮಾಡಿದರೆ ಒಂದು ಸಣ್ಣ ಬಾಟಲಿ ಕಳಿಸುತ್ತೇನೆ.