ಕೆಂಗೇರಿಯ ಹಿತ್ತಲಿನಲ್ಲಿ ವೀಕ್ಷಣಾಲಯ: ಗುಮ್ಮಟವೇ, ಸರಿಯುವ ಸೂರೇ?

ಪ್ರಶ್ನೆ:
ಕೆಂಗೇರಿಯ ನಮ್ಮ ಮನೆಯ ಹಿಂದೆ ಉತ್ತರ-ದಕ್ಷಿಣವಾಗಿ 20 ಅಡಿ ಉದ್ದ, 10 ಅಡಿ ಅಗಲದ ಜಾಗ ಖಾಲಿ ಇದೆ. 8 ಅಂಗುಲದ ದೂರದರ್ಶಕವನ್ನು ಹೊತ್ತು ತಂದು, ಅದರ ಈಕ್ವಟೋರಿಯಲ್ ಮೌಂಟನ್ನು (ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ನಿಲ್ಲಿಸಿದ ಅಕ್ಷದ ಮೇಲೆ ತಿರುಗಿ ನಕ್ಷತ್ರಗಳನ್ನು ಹಿಂಬಾಲಿಸುವ ಪೀಠವನ್ನು) ಹೊಂದಿಸುವಷ್ಟರಲ್ಲಿ ಮೋಡ ಕವಿದಿರುತ್ತದೆ. ಆದ್ದರಿಂದ ಅಲ್ಲಿಯೇ ಪುಟ್ಟ ವೀಕ್ಷಣಾಲಯವೊಂದನ್ನು ಕಟ್ಟಿಸಬೇಕೆಂದಿದ್ದೇನೆ. ಗುಮ್ಮಟ ಒಳ್ಳೆಯದೋ, ಕಂಬಿಯ ಮೇಲೆ ಸರಿಯುವ ಸೂರೋ? ತಾರಸಿಯೇ ವಾಸಿ ಎನ್ನುತ್ತಾರೆ ಮನೆಯವರು. ಅಂತರಜಾಲದಲ್ಲಿ ಸಿಕ್ಕ ನಕ್ಷೆಗಳೆಲ್ಲ ಅಮೆರಿಕ, ಇಂಗ್ಲೆಂಡಿನವು.

ಪ್ರತಿಕ್ರಿಯೆ 1:
ತಾರಸಿಯ ವಿಚಾರವನ್ನು ಬಿಡುವುದೇ ಲೇಸು. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಬಹಳ ಹೊತ್ತು ಬಿಸಿಯನ್ನು ಬಿಡುತ್ತಲೇ ಇರುವುದರಿಂದ ಮೇಲಿನ ಗಾಳಿ ಕದಡಿ, ಗುರುಗ್ರಹದ ಪಟ್ಟೆಗಳು ನಡುಗುತ್ತಿರುತ್ತವೆ. ಸಾಲದ್ದಕ್ಕೆ ಹತ್ತಿರ ಯಾರು ಹೆಜ್ಜೆಯಿಟ್ಟರೂ ಅದು ಐಪೀಸಿನಲ್ಲಿ (ಕಣ್ಣಿಟ್ಟು ನೋಡುವ ಮಸೂರದಲ್ಲಿ) ಗೊತ್ತಾಗುತ್ತದೆ. ಹಿತ್ತಲಿನಲ್ಲಿ ಮೌಂಟಿನ ಕಂಬಕ್ಕೆ ಬೇರೆಯೇ ತಳಪಾಯ ತೋಡಿಸಿ, ಕೋಣೆಯ ನೆಲ ಆ ಕಂಬವನ್ನು ಎಲ್ಲಿಯೂ ಮುಟ್ಟದಂತೆ ಸುತ್ತಲೂ ಒಂದಂಗುಲ ಸಂದು ಬಿಡಿಸಿ. ಮೇಸ್ತ್ರಿಗಳು ಅಂದಕ್ಕೆಂದು ಅದನ್ನು ಸಿಮೆಂಟಿನಿಂದ ಮುಚ್ಚಿಬಿಡುವುದುಂಟು, ಎದುರಿಗೇ ನಿಂತಿರಿ. ಗುಮ್ಮಟವು ಗಾಳಿಯನ್ನೂ ಬೀದಿದೀಪವನ್ನೂ ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಸರಿಯುವ ಸೂರನ್ನು ಗೇಟು ಮಾಡುವ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡಬಲ್ಲರು.

ಪ್ರತಿಕ್ರಿಯೆ 2:
ಆ ನಕ್ಷೆಗಳನ್ನು ಹಾಗೆಯೇ ಅನುಸರಿಸಬೇಡಿ. ಅವು ಸುಮಾರು 40–55 ಡಿಗ್ರಿ ಅಕ್ಷಾಂಶದ ಊರುಗಳಿಗೆ ಹೊಂದುವಂಥವು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿಯಲ್ಲಿ. ಹಾಗಾಗಿ ಮೌಂಟಿನ ಅಕ್ಷವನ್ನು ಗುರಿಯಿಡಲು ಬಳಸುವ ಧ್ರುವ ನಕ್ಷತ್ರವೂ ಇಲ್ಲಿ ಕ್ಷಿತಿಜದಿಂದ ಅಷ್ಟೇ ಎತ್ತರದಲ್ಲಿ, ಸಾಮಾನ್ಯವಾಗಿ ಯಾರದೋ ನೀರಿನ ಟ್ಯಾಂಕಿನ ಹಿಂದೆ ಇರುತ್ತದೆ. ಕಂಬ ಕಾಯಂ ಆದ ಮೇಲೆ ಆ ನಕ್ಷತ್ರ ಕಾಣಲೇಬೇಕೆಂದಿಲ್ಲ: ಖಗೋಳ ವಿಷುವದ್ವೃತ್ತದ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಕಲ್ಪಿಸಿದ ವೃತ್ತದ) ಬಳಿಯ ನಕ್ಷತ್ರವೊಂದು ಉತ್ತರ-ದಕ್ಷಿಣ ರೇಖೆಯನ್ನು ದಾಟುವ ಹೊತ್ತಿಗೆ ಗೆರೆಯುಳ್ಳ ಐಪೀಸಿನಲ್ಲಿ ಹಿಡಿದು, ಅದು ಉತ್ತರಕ್ಕೋ ದಕ್ಷಿಣಕ್ಕೋ ಜಾರಿದರೆ ಮೌಂಟನ್ನು ಅಡ್ಡಲಾಗಿ ತಿರುಗಿಸಿ, ಆಮೇಲೆ ಪೂರ್ವದ ನಕ್ಷತ್ರವೊಂದರಿಂದ ಎತ್ತರವನ್ನು ತಿದ್ದಿಕೊಂಡರೆ ಸಾಕು.

ಹೀಗೆ ಉತ್ತರ ದಿಕ್ಕು ಮರೆಯಾದರೂ ನಡೆಯುವುದರಿಂದ ಕೋಣೆ ಜಾಗದ ದಕ್ಷಿಣ ಭಾಗದಲ್ಲಿರಲಿ, ಸೂರು ಉತ್ತರಕ್ಕೆ ಸರಿಯಲಿ. ಕೆಂಗೇರಿಗೆ ನಗರದ ಬೆಳಕು ಬರುವುದು ಈಶಾನ್ಯದಿಂದ. ಸರಿದು ನಿಂತ ಸೂರು ಅದನ್ನೂ ತುಸು ಮರೆಮಾಡುತ್ತದೆ. ದಕ್ಷಿಣದ ಗೋಡೆ ಮಾತ್ರ ತಗ್ಗಾಗಿರಲೇಬೇಕು. ಅಗಸ್ತ್ಯ ನಕ್ಷತ್ರ ಇಲ್ಲಿ 24 ಡಿಗ್ರಿ, ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಸುಮಾರು 29 ಡಿಗ್ರಿ ಮೇಲೇರುತ್ತವೆ. ಲಂಡನ್ನಿನಲ್ಲಿ ಇವೆರಡೂ ಉದಯಿಸುವುದೇ ಇಲ್ಲ. ಗುರು, ಶನಿಗಳು ಅತಿ ಎತ್ತರಕ್ಕೆ ಬಂದಾಗ ಯಾವ ವರ್ಷವೂ 50 ಡಿಗ್ರಿಗಿಂತ ಕೆಳಗಿರುವುದಿಲ್ಲವಾದ್ದರಿಂದ ಪೂರ್ವ-ಪಶ್ಚಿಮದ ಗೋಡೆಗಳು ಎತ್ತರವಿದ್ದರೂ ದೊಡ್ಡ ನಷ್ಟವಿಲ್ಲ.

ಕಂಬಕ್ಕೆ ಕಾಂಕ್ರೀಟು ಸುರಿಯುವ ಮುನ್ನ ಮೌಂಟನ್ನು 13 ಡಿಗ್ರಿಗೆ ಇಳಿಸಿ, ಪ್ರತಿಭಾರದ ದಂಡ (ದೂರದರ್ಶಕವನ್ನು ಸರಿದೂಗಿಸುವ ತೂಕವನ್ನು ಹೊತ್ತ ಸರಳು) ಕಂಬಕ್ಕೆ ತಗಲುವುದಿಲ್ಲವೇ ನೋಡಿಕೊಳ್ಳಿ. ಕಂಬದ ತಲೆ ದಪ್ಪವಾದರೆ ಇಲ್ಲಿ ಅದೇ ತೊಂದರೆ.

ಪ್ರತಿಕ್ರಿಯೆ 3:
ಏಪ್ರಿಲ್–ಮೇ ತಿಂಗಳ ಮಳೆಗಾಳಿಗೆ ಶೀಟಿನ ಸೂರು ಹಾರಿಹೋಗಬಲ್ಲದು. ನಾಲ್ಕು ಮೂಲೆಗೂ ಒಳಗಿನಿಂದ ಬಿಗಿಯುವ ಕೊಂಡಿಗಳಿರಲಿ. ಮಳೆಗಾಲದಲ್ಲಿ ಮುಚ್ಚಿದ ಕೋಣೆಯಲ್ಲಿ ಲೆನ್ಸುಗಳಿಗೆ ಬೂಷ್ಟು ಹಿಡಿಯುವುದರಿಂದ ಜೂನ್‌ನಿಂದ ಅಕ್ಟೋಬರ್‌ವರೆಗೆ ದೂರದರ್ಶಕವನ್ನು ಮನೆಯೊಳಗಿಟ್ಟು, ಐಪೀಸುಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ. ಮೌಂಟನ್ನು ಮಾತ್ರ ಅಲ್ಲಾಡಿಸದೆ ಹೊದಿಕೆ ಹಾಕಿಬಿಡಿ.