ಅತ್ತೆಯೂ ಅವರೇ, ಅಜ್ಜಿಯೂ ಅವರೇ: ಕಳ್ಳುಬಳ್ಳಿ ಬಿಡಿಸಿದವರ ಅನುಭವ

ಪ್ರಶ್ನೆ, ಗಂಗಾವತಿಯಿಂದ

ನಮ್ಮಪ್ಪ ತಮ್ಮ ಸ್ವಂತ ಅಕ್ಕನ ಮಗಳನ್ನು ಮದುವೆಯಾದವರು. ಹಾಗಾಗಿ ಅಪ್ಪನ ಅಕ್ಕ ನನಗೆ ಅತ್ತೆಯೂ ಹೌದು, ಅವ್ವನ ತಾಯಿ ಆದ್ದರಿಂದ ಅಜ್ಜಿಯೂ ಹೌದು. ಅವ್ವನ ತಮ್ಮ, ಅಂದರೆ ನನ್ನ ಸೋದರಮಾವ, ನಮ್ಮ ದೊಡ್ಡಪ್ಪನ ಮಗಳನ್ನೇ ಮಾಡಿಕೊಂಡಿದ್ದಾರೆ. ಆಕೆ ಒಂದು ಕಡೆಯಿಂದ ಅಕ್ಕ, ಇನ್ನೊಂದು ಕಡೆಯಿಂದ ಅತ್ತೆ. ಉಗಾದಿಗೆ ಮನೆತನದವರೆಲ್ಲ ಊರಲ್ಲಿ ಸೇರುತ್ತಿದ್ದೇವೆ. ಅಷ್ಟರೊಳಗೆ ವಂಶವೃಕ್ಷ ಮಾಡಿಡೋಣ ಅಂತ ಮೊಬೈಲ್ ಆ್ಯಪ್ ಒಂದರಲ್ಲಿ ಹೆಸರು ತುಂಬಿಸಿದೆ. ಅಪ್ಪನ ಕಡೆಯಿಂದ ಹತ್ತಿದರೂ ಅವ್ವನ ಕಡೆಯಿಂದ ಹತ್ತಿದರೂ ಸಿಗುವುದು ಅದೇ ಅಜ್ಜ. ಆದರೆ ಆ್ಯಪ್‌ನಲ್ಲಿ ಆ ಅಜ್ಜ ಇಬ್ಬರಾಗಿದ್ದಾರೆ, ಅವರ ಮಕ್ಕಳೂ ಎರಡೆರಡು ಸಲ ಬಂದಿದ್ದಾರೆ. ಸಾಲದ್ದಕ್ಕೆ ನಮ್ಮಲ್ಲಿ ಹುಲಿಗೆಮ್ಮ ಅನ್ನುವ ಹೆಸರಿನವರೇ ಐದಾರು ಮಂದಿ. ಇಂಥ ಸಂಬಂಧಗಳನ್ನು ಸರಿಯಾಗಿ ಹಿಡಿದಿಡುವ ಸಾಫ್ಟ್‌ವೇರ್ ಯಾವುದು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ರಾಯಚೂರಿನಿಂದ, ನಿವೃತ್ತ ಶಿಕ್ಷಕಿ

ತಮ್ಮಾ, ನಮ್ಮ ಮನೆಯದೂ ಇದೇ ಕಥೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ಮಕ್ಕಳಿಗೆ ಬರೆಸುವ ವಂಶವೃಕ್ಷ ಮೇಲೆ ಹೋದಂತೆ ಅಗಲವಾಗುತ್ತದೆ. ಅಪ್ಪ ಅವ್ವ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದಿನವರು ಎಂಟು. ಸಂಬಂಧದಲ್ಲೇ ಮದುವೆ ಮಾಡಿಕೊಂಡ ಮನೆಗಳಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಅತ್ತೆ ಮಗಳನ್ನೋ ಸೋದರಮಾವನ ಮಗಳನ್ನೋ ಮಾಡಿಕೊಂಡವರ ಮಕ್ಕಳಿಗೆ ಮುತ್ತಜ್ಜ ಮುತ್ತಜ್ಜಿಯರ ಎಂಟು ಜಾಗದಲ್ಲಿ ಆರೇ ಮಂದಿ ಇರುತ್ತಾರೆ. ನಿಮ್ಮದು ಅಕ್ಕನ ಮಗಳ ಸಂಬಂಧ, ಇನ್ನೂ ಒಂದು ಸುತ್ತು ಜಾಸ್ತಿ. ಅಪ್ಪನ ತಂದೆ ತಾಯಿ ಅಪ್ಪನ ಕಡೆಯಿಂದ ನಿಮಗೆ ಅಜ್ಜ ಅಜ್ಜಿ. ಅವ್ವನ ಕಡೆಯಿಂದ ಎಣಿಸಿದರೆ ಮುತ್ತಜ್ಜ ಮುತ್ತಜ್ಜಿ. ಒಂದೇ ಜೋಡಿ ಎರಡು ತಲೆಮಾರಿನ ಸಾಲಲ್ಲಿ ಕೂತಿದೆ. ತಲೆಮಾರನ್ನು ಸಾಲು ಸಾಲಾಗಿ ಹಾಕುವ ಯಾವ ಚಿತ್ರದಲ್ಲೂ ಅವರು ಎರಡು ಸಲ ಬಂದೇ ಬರುತ್ತಾರೆ. ಚಿತ್ರದಲ್ಲಿ ಬಂದರೆ ಚಿಂತೆಯಿಲ್ಲ. ಒಳಗಿನ ಮಾಹಿತಿಯಲ್ಲಿ ಅವರು ಒಬ್ಬೊಬ್ಬರೇ ಇರಬೇಕು, ಅಷ್ಟೇ.

ನಾನು ಬಳಸುವುದು ಗ್ರಾಂಪ್ಸ್. 2001ರಲ್ಲಿ ಶುರುವಾದ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ಹೆಸರುಗಳನ್ನು ಕನ್ನಡದಲ್ಲೇ ಹಾಕಬಹುದು. ಆದರೆ ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನುಡಿಯ ಹಳೇ ಫಾಂಟಿನಲ್ಲಿ ಹೊಡೆದದ್ದನ್ನು ಕಾಪಿ ಮಾಡಿದರೆ ಅರ್ಥವಾಗದ ಇಂಗ್ಲಿಷ್ ಅಕ್ಷರ ಬಂದು ಕೂರುತ್ತವೆ.

ಇದರಲ್ಲಿ ಅತ್ತೆ, ಮಾವ, ಅಜ್ಜಿ ಅಂತ ನೀವು ಎಲ್ಲೂ ಬರೆಯಬೇಕಾಗಿಲ್ಲ. ಬರೆಯಲೂಬಾರದು. ಯಾರು ಯಾರಿಗೆ ಹುಟ್ಟಿದರು, ಯಾರು ಯಾರನ್ನು ಮದುವೆಯಾದರು, ಇಷ್ಟೇ ಕೊಡಿ. ಉಳಿದದ್ದನ್ನು ಅದೇ ಲೆಕ್ಕ ಹಾಕುತ್ತದೆ. ಅದರ ಲೆಕ್ಕದಲ್ಲಿ ಒಂದು ಫ್ಯಾಮಿಲಿ ಅಂದರೆ ಒಂದು ಜೋಡಿ ಮತ್ತು ಅವರ ಮಕ್ಕಳು. ನಿಮ್ಮ ಮನೆಯನ್ನೇ ಹಾಕಿ ತೋರಿಸುತ್ತೇನೆ. ಅಜ್ಜ ಅಜ್ಜಿಯದು ಮೊದಲನೇ ಫ್ಯಾಮಿಲಿ. ಮಕ್ಕಳು ನಿಮ್ಮ ಅತ್ತೆ, ದೊಡ್ಡಪ್ಪ, ಅಪ್ಪ. ಅತ್ತೆ ಮತ್ತು ಅವರ ಗಂಡನದು ಎರಡನೆಯದು. ಮಕ್ಕಳು ನಿಮ್ಮವ್ವ, ಸೋದರಮಾವ. ಅಪ್ಪ ಅವ್ವನದು ಮೂರನೆಯದು, ಅದರಲ್ಲಿ ನೀವು. ದೊಡ್ಡಪ್ಪ ದೊಡ್ಡವ್ವನದು ನಾಲ್ಕನೆಯದು, ಅದರಲ್ಲಿ ಆ ಅಕ್ಕ. ಸೋದರಮಾವ ಮತ್ತು ಆ ಅಕ್ಕನದು ಐದನೆಯದು. ಹನ್ನೊಂದು ಜನ, ಐದು ಫ್ಯಾಮಿಲಿ. ನೀವು ಹೇಳಿದ ಸಂಬಂಧವೆಲ್ಲ ಇಷ್ಟರಲ್ಲೇ ಮುಗಿಯಿತು.

ಎಚ್ಚರ ಬೇಕಾದದ್ದು ಮೂರನೇ ಫ್ಯಾಮಿಲಿ ಮಾಡುವಾಗ. ಅಪ್ಪನ ಹೆಂಡತಿಯನ್ನು ಸೇರಿಸುವ ಜಾಗದಲ್ಲಿ ಎರಡು ಗುಂಡಿ ಇರುತ್ತವೆ. ಪ್ಲಸ್ ಗುರುತು ಒತ್ತಿದರೆ ಹೊಸ ಹೆಣ್ಣುಮಗಳು ಹುಟ್ಟಿಕೊಳ್ಳುತ್ತಾಳೆ. ಇನ್ನೊಂದನ್ನು ಒತ್ತಿದರೆ ಈಗಾಗಲೇ ಇರುವವರ ಪಟ್ಟಿ ತೆರೆಯುತ್ತದೆ. ನಿಮ್ಮವ್ವ ಎರಡನೇ ಫ್ಯಾಮಿಲಿಯಲ್ಲಿ ಮಗಳಾಗಿ ಆಗಲೇ ಇದ್ದಾರಲ್ಲ, ಪಟ್ಟಿಯಿಂದ ಅವರನ್ನೇ ಆರಿಸಿ. ಸಂಬಂಧದಲ್ಲಿ ಮದುವೆಯಾದ ಪ್ರತಿ ಜೋಡಿಗೂ ಹೀಗೇ ಮಾಡಬೇಕು.

ಆಮೇಲೆ ಟೂಲ್ಸ್ ಮೆನುವಿನಲ್ಲಿ ರಿಲೇಶನ್‌ಶಿಪ್ ಕ್ಯಾಲ್ಕುಲೇಟರ್ ತೆಗೆಯಿರಿ. ಇಬ್ಬರನ್ನು ಆರಿಸಿದರೆ ಅವರು ಏನಾಗಬೇಕು, ಯಾವ ಹಿರಿಯರ ಮೂಲಕ ಅಂತ ಹೇಳುತ್ತದೆ. ಒಂದಕ್ಕಿಂತ ಹೆಚ್ಚು ದಾರಿ ಇದ್ದರೆ ಅವನ್ನೂ ತೋರಿಸುತ್ತದೆ. ಮಾಮೂಲಿ ಸೆಟ್ಟಿಂಗ್‌ನಲ್ಲಿ 15 ತಲೆಮಾರಿನವರೆಗೆ ಹುಡುಕುತ್ತದೆ, ನಮಗೆಲ್ಲ ಅಷ್ಟು ಧಾರಾಳವಾಯಿತು. ಒಂದು ವಿಷಯ ಮಾತ್ರ ನೆನಪಿಡಿ. ಅದರ ಇಂಗ್ಲಿಷ್ ಉತ್ತರದಲ್ಲಿ ಅತ್ತೆ ಮಗಳೂ ದೊಡ್ಡಪ್ಪನ ಮಗಳೂ ಇಬ್ಬರೂ ಫಸ್ಟ್ ಕಸಿನ್. ನಮ್ಮಲ್ಲಿ ಒಬ್ಬಳನ್ನು ತಂದುಕೊಳ್ಳಬಹುದು, ಇನ್ನೊಬ್ಬಳು ಒಡಹುಟ್ಟಿದವಳ ಸಮ. ಆದ್ದರಿಂದ ಬಂದ ಹೆಸರನ್ನು ಬಿಟ್ಟು ದಾರಿ ನೋಡಿ. ಮೇಲಿನ ಜೋಡಿಯಿಂದ ಇಳಿದದ್ದು ಅಣ್ಣ ತಮ್ಮನ ಮೂಲಕವೋ, ಅಣ್ಣ ತಂಗಿಯ ಮೂಲಕವೋ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ಇನ್ನು ಹುಲಿಗೆಮ್ಮಂದಿರು. ಹುಲಿಗಿ ಹತ್ತಿರದ ಊರುಗಳಲ್ಲಿ ಹುಲಿಗೆಮ್ಮ, ಕೊಪ್ಪಳದ ಸುತ್ತ ಗವಿಸಿದ್ದಪ್ಪ, ಹಂಪಿ ಕಡೆ ಪಂಪಾಪತಿ ಇಲ್ಲದ ಮನೆಯೇ ಇಲ್ಲ. ಅಜ್ಜನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ ಇಡುವುದರಿಂದ ಅದೇ ಹೆಸರು ಸುತ್ತಿ ಸುತ್ತಿ ಬರುತ್ತದೆ. ಗ್ರಾಂಪ್ಸ್ ಪ್ರತಿಯೊಬ್ಬರಿಗೂ ಐ0001, ಐ0002 ಅಂತ ಒಂದು ನಂಬರ್ ಕೊಡುತ್ತದೆ. ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುವಾಗ ಹೆಸರಿನ ಮುಂದೆ ಆ ನಂಬರ್ ಹಾಕಿ. ಮನೆಯಲ್ಲಿ ಕರೆಯುವ ಹೆಸರು, ಅಡ್ಡಹೆಸರು, ಮದುವೆಯಾದ ಮೇಲೆ ಇಟ್ಟ ಹೆಸರು, ಎಲ್ಲಕ್ಕೂ ಅದರಲ್ಲಿ ಬೇರೆ ಜಾಗ ಇದೆ. ಎಲ್ಲವನ್ನೂ ತುಂಬಿಸಿ.

ಕುಷ್ಟಗಿಯಿಂದ

ಟೀಚರ್ ಹೇಳಿದ್ದಕ್ಕೆ ಹೆಳವರ ವಿಷಯ ಸೇರಿಸುತ್ತೇನೆ. ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಹೆಳವರು ಬರುತ್ತಾರೆ. ಕಟ್ಟೆ ಮೇಲೆ ಕೂತು ಮೂಲ ಪುರುಷನಿಂದ ಹಿಡಿದು ಇವತ್ತಿನ ಕೂಸಿನ ತನಕ ಓದುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಬರೆದುಕೊಳ್ಳುತ್ತಾರೆ, ಜೋಳ, ಬಟ್ಟೆ, ಕಾಣಿಕೆ ತಗೊಂಡು ಹೋಗುತ್ತಾರೆ. ಅವರನ್ನು ಕೇಳಿ, ಅವರು ಒಪ್ಪಿದ ಮೇಲೆ ಓದುವುದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತುಂಬ ಹಿಂದಿನ ಗಂಡಸರ ಹೆಸರು ನಮಗೆ ಸಿಕ್ಕಿದ್ದು ಅಲ್ಲೇ.

ಆದರೆ ನಮ್ಮ ಮನೆಯ ಪುಸ್ತಕದಲ್ಲಿ ಗಂಡುಮಕ್ಕಳ ಸಾಲೇ ಇತ್ತು. ಕೊಟ್ಟ ಹೆಣ್ಣುಮಕ್ಕಳು ಎಲ್ಲಿ ಹೋದರು, ತಂದ ಹೆಣ್ಣುಮಕ್ಕಳು ಯಾವ ಮನೆತನದವರು ಅನ್ನುವುದು ಇರಲಿಲ್ಲ. ಪ್ರಶ್ನೆ ಕೇಳಿದವರ ಮನೆಯನ್ನೇ ನೋಡಿ. ಸಂಬಂಧ ಎರಡೆರಡಾಗಿರುವುದು ಅತ್ತೆಯಿಂದ, ಅವ್ವನಿಂದ, ಆ ಅಕ್ಕನಿಂದ. ಗಂಡಸರ ಸಾಲನ್ನಷ್ಟೇ ಬರೆದರೆ ತೊಡಕು ಕಾಣುವುದೇ ಇಲ್ಲ, ಮನೆತನ ನೂಲಿನಂತೆ ನೆಟ್ಟಗೆ ಕಾಣುತ್ತದೆ. ಅದಕ್ಕೇ ವಯಸ್ಸಾದ ಅಜ್ಜಿಯರ ಹತ್ತಿರ ಕೂರಬೇಕು. ನಿಮ್ಮ ತವರು ಯಾವುದು, ನಿಮ್ಮವ್ವನ ತವರು ಯಾವುದು, ನಿಮ್ಮ ನೆಗೆಣ್ಣಿಯರನ್ನು ಎಲ್ಲಿಂದ ತಂದರು ಅಂತ ಕೇಳಿ. ಗಂಡಸರಿಗೆ ಹೊಲದ ಸರ್ವೆ ನಂಬರ್ ಬಾಯಿಪಾಠ ಇರುತ್ತದೆ, ಇದು ನೆನಪಿರುವುದಿಲ್ಲ. ಅಜ್ಜಿಯರಿಗೆ ಯಾರ ಮದುವೆಯಲ್ಲಿ ಯಾರು ಕೂಸಾಗಿದ್ದರು ಅನ್ನುವುದು ಸಹ ನೆನಪಿರುತ್ತದೆ.

ಗ್ರಾಂಪ್ಸ್‌ನಲ್ಲಿ ಪ್ರತಿ ಮಾಹಿತಿಗೂ ಮೂಲ ಯಾವುದು, ಎಷ್ಟು ನಂಬಬಹುದು ಅಂತ ಗುರುತು ಹಾಕಬಹುದು. ಹೆಳವರು ಓದಿದ್ದು, ಅಜ್ಜಿ ಹೇಳಿದ್ದು, ಶಾಲೆಯ ದಾಖಲಾತಿ ರಿಜಿಸ್ಟರ್, ಪಹಣಿ, ಎಲ್ಲವನ್ನೂ ಬೇರೆ ಬೇರೆ ಮೂಲವಾಗಿ ಹಾಕಿ. ಇಬ್ಬರು ಹೇಳುವುದು ತಾಳೆಯಾಗದಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಒಂದನ್ನು ಅಳಿಸುವ ಅವಸರ ಬೇಡ.

ಸಿರುಗುಪ್ಪದಿಂದ

ಊರು ಮತ್ತು ಇಸವಿ ಬಗ್ಗೆ ಯಾರೂ ಹೇಳಲಿಲ್ಲ. ಒಂದೇ ಹೆಸರಿನ ಇಬ್ಬರನ್ನು ಬೇರೆ ಮಾಡುವುದು ಕೊನೆಗೆ ಇವೇ. ನಮ್ಮ ಕಡೆ ಬೀಗತನ ಆದೋನಿ, ಆಲೂರು, ರಾಯದುರ್ಗದವರೆಗೆ ಹಬ್ಬಿದೆ. ಇವು ಮೂರೂ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಅವು ಆಂಧ್ರಕ್ಕೆ ಹೋದವು. ಹಳೇ ಕಾಗದದಲ್ಲಿ ಬಳ್ಳಾರಿ ಜಿಲ್ಲೆ ಅಂತಿದ್ದರೆ ಇವತ್ತಿನ ನಕಾಶೆ ನೋಡಿ ತೀರ್ಮಾನ ಮಾಡಬೇಡಿ. ಕೊಪ್ಪಳದವರು ಹಳೇ ದಾಖಲೆಯಲ್ಲಿ ರಾಯಚೂರು ಜಿಲ್ಲೆಯವರು. ಹರಪನಹಳ್ಳಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, ಬಳ್ಳಾರಿಗೆ ಮರಳಿ, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಗ್ರಾಂಪ್ಸ್‌ನಲ್ಲಿ ಊರನ್ನು ಒಂದೇ ಸಲ ಸೇರಿಸಿ, ಯಾವ ಕಾಲದಲ್ಲಿ ಯಾವ ಜಿಲ್ಲೆಯೊಳಗಿತ್ತು ಅಂತ ತಾರೀಖು ಸಮೇತ ಹಾಕಬಹುದು. ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಊರಿನವರಾದರೆ ಹಳೇ ಊರನ್ನೇ ಹುಟ್ಟೂರಾಗಿ ಬರೆಯಿರಿ, ಆಮೇಲೆ ಬಂದು ನೆಲೆಸಿದ ಊರನ್ನು ಬೇರೆ ಹಾಕಿ.

ಹಳೇ ಕಂದಾಯ ಕಾಗದದಲ್ಲಿ ಫಸ್ಲಿ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿ, ಒಂದು ವರ್ಷ ಆಚೀಚೆ ಇಸವಿ ಸಿಗುತ್ತದೆ. ಫಸ್ಲಿ 1350 ಅಂದರೆ ಸುಮಾರು 1940-41. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಲ್ಲಿದ್ದದ್ದರಿಂದ ಅಲ್ಲಿನ ಕಾಗದಗಳು ಉರ್ದುವಿನಲ್ಲಿರಬಹುದು. ಓದಬಲ್ಲ ಹಿರಿಯರನ್ನು ಈಗಲೇ ಹುಡುಕಿ.

ಕಾಗದ ಇಲ್ಲದವರಿಗೆ ದೊಡ್ಡ ಘಟನೆ ಹಿಡಿದು ಕೇಳಿ. ರಜಾಕಾರರ ಗಲಾಟೆಗೆ ಮೊದಲೇ ಹುಟ್ಟಿದ್ದಿರಾ ಅಂದರೆ 1948ರ ಆಚೆಯೋ ಈಚೆಯೋ ತಿಳಿಯುತ್ತದೆ. ಡ್ಯಾಮ್ ಕಟ್ಟುವಾಗ ಎಷ್ಟು ದೊಡ್ಡವರಿದ್ದಿರಿ, ಎಪ್ಪತ್ತೆರಡರ ಬರಕ್ಕೆ ಎಷ್ಟು ಮಕ್ಕಳಿದ್ದರು ಅಂತ ಕೇಳಬಹುದು. ಬಂದ ಉತ್ತರವನ್ನು 'ಸುಮಾರು', 'ಮೊದಲು', 'ನಂತರ' ಅಂತಲೇ ದಾಖಲಿಸಿ, ಸಾಫ್ಟ್‌ವೇರ್ ಒಪ್ಪಿಕೊಳ್ಳುತ್ತದೆ. ಗೊತ್ತಿಲ್ಲದವರಿಗೆಲ್ಲ ಜೂನ್ 1 ಹಾಕುವ ಶಾಲೆಯ ಪದ್ಧತಿ ಇಲ್ಲಿ ಬೇಡ.

ಬಳ್ಳಾರಿಯಿಂದ, ನರ್ಸ್

ನಾನು ಇದನ್ನು ಬೇರೆ ಕಾರಣಕ್ಕೆ ಮಾಡಿದೆ. ನಮ್ಮ ತಂಗಿಯ ಮಗುವಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಡಾಕ್ಟರು ಮೊದಲು ಕೇಳಿದ್ದು ಸಂಬಂಧದಲ್ಲಿ ಮದುವೆಯಾ ಅಂತ, ಆಮೇಲೆ ಮೂರು ತಲೆಮಾರಿನ ಚಿತ್ರ ಬರೆದುಕೊಂಡರು. ಅವರ ಚಿತ್ರದಲ್ಲಿ ಮಾಮೂಲಿ ಗಂಡ ಹೆಂಡತಿಗೆ ಒಂದು ಗೆರೆ, ರಕ್ತಸಂಬಂಧದವರಿಗೆ ಎರಡು ಗೆರೆ.

ಲೆಕ್ಕ ಹೀಗಿದೆ. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ, ಯಾವುದೇ ಒಂದು ಜೀನ್‌ನ ಎರಡೂ ಪ್ರತಿ ಒಬ್ಬರೇ ಹಿರಿಯರಿಂದ ಬಂದಿರುವ ಸಾಧ್ಯತೆ 8ರಲ್ಲಿ 1. ಅತ್ತೆ ಮಗ, ಮಾವನ ಮಗಳ ಜೋಡಿಯಾದರೆ 16ರಲ್ಲಿ 1. ಹಿಂದಿನ ತಲೆಮಾರಿನಲ್ಲೂ ಹೀಗೇ ಆಗಿದ್ದರೆ ಇನ್ನೂ ಏರುತ್ತದೆ. ಇದನ್ನು ಕೇಳಿ ಹೆದರಬೇಡಿ. ಇಂಥ ಮದುವೆಯ ಎಷ್ಟೋ ಮಕ್ಕಳು ಆರೋಗ್ಯವಾಗಿದ್ದಾರೆ. ಆದರೆ ಮನೆತನದಲ್ಲಿ ಒಂದು ಕಾಯಿಲೆ ಓಡಾಡುತ್ತಿದ್ದರೆ ಮುಂದಿನ ಮದುವೆಗೆ ಮುಂಚೆ ಡಾಕ್ಟರಿಗೆ ತೋರಿಸಲು ಸರಿಯಾದ ವಂಶವೃಕ್ಷ ಬೇಕು.

ಅದಕ್ಕೆ ಒಂದು ಕೇಳಿಕೆ. ತೊಟ್ಟಿಲಲ್ಲೇ ಹೋದ ಮಕ್ಕಳನ್ನು, ಹೆಸರಿಡುವ ಮೊದಲೇ ತೀರಿಕೊಂಡವರನ್ನು ಬಿಡಬೇಡಿ. ನಮ್ಮ ದೊಡ್ಡವ್ವನಿಗೆ ಎಷ್ಟು ಮಕ್ಕಳು ಅಂದರೆ ಎಲ್ಲರೂ ಬದುಕಿರುವವರನ್ನಷ್ಟೇ ಹೇಳುತ್ತಿದ್ದರು. ಪಕ್ಕದಲ್ಲಿ ಕೂತು ಕೇಳಿದಾಗ ದೊಡ್ಡವ್ವ ಇನ್ನೂ ಇಬ್ಬರು ಗಂಡುಮಕ್ಕಳ ಬಗ್ಗೆ ಹೇಳಿದಳು. ಇಬ್ಬರೂ ವರ್ಷ ತುಂಬುವುದರೊಳಗೆ ಹೋದವರು. 'ಯಾರೂ ಕೇಳಿರಲಿಲ್ಲವ್ವ' ಅಂದಳು. ಹೆಸರಿಲ್ಲದಿದ್ದರೂ ಅವರಿಗೆ ಒಂದು ಜಾಗ ಕೊಡಬಹುದು, ನಾನು ಕೊಟ್ಟಿದ್ದೇನೆ.

ಮತ್ತೆ ಗಂಗಾವತಿಯಿಂದ

ಅಕ್ಕಾರೆ, ಅಣ್ಣಾರೆ, ಎಲ್ಲರಿಗೂ ತುಂಬ ಥ್ಯಾಂಕ್ಸ್. ಇನ್ನೆರಡು ಸಂಶಯ. ಆ್ಯಪ್‌ನಲ್ಲಿ ಆಗಲೇ ನೂರಾರು ಹೆಸರು ತುಂಬಿಸಿದ್ದೇನೆ, ಮೊದಲಿನಿಂದ ಟೈಪ್ ಮಾಡಬೇಕಾ? ಮತ್ತೆ, ನಮ್ಮ ದೊಡ್ಡಪ್ಪ ಮಕ್ಕಳಿಲ್ಲದ ಒಬ್ಬ ಕಾಕಾನಿಗೆ ತನ್ನ ಕಿರಿ ಮಗನನ್ನು ದತ್ತು ಕೊಟ್ಟಿದ್ದಾರೆ. ಅವನನ್ನು ಯಾರ ಮಗ ಅಂತ ಹಾಕಲಿ?

ರಾಯಚೂರಿನ ಟೀಚರ್

ಬೇಕಾಗಿಲ್ಲ ತಮ್ಮಾ. ಆ್ಯಪ್‌ನಲ್ಲಿ ಎಕ್ಸ್‌ಪೋರ್ಟ್ ಇದೆಯಾ ನೋಡಿ. ಜೆಡ್‌ಕಾಮ್ ಅನ್ನುವ ಫೈಲ್ ಬರುತ್ತದೆ. 1984ರಿಂದ ಇರುವ ನಮೂನೆ ಅದು, ವಂಶವೃಕ್ಷದ ಸಾಫ್ಟ್‌ವೇರ್‌ಗಳು ಹೆಚ್ಚು ಕಡಿಮೆ ಎಲ್ಲವೂ ಓದುತ್ತವೆ. ಗ್ರಾಂಪ್ಸ್‌ನಲ್ಲಿ ಖಾಲಿ ವೃಕ್ಷ ಒಂದನ್ನು ತೆರೆದು ಅದರೊಳಗೆ ತಗೊಳ್ಳಿ. ಟೂಲ್ಸ್‌ನಲ್ಲಿ ಎರಡು ಸಲ ಬಂದಿರಬಹುದಾದವರನ್ನು ಹುಡುಕಿ ಕೊಡುವ ಸಾಧನ ಇದೆ. ಅದು ಕೊಟ್ಟ ಜೋಡಿಗಳನ್ನು ಒಂದೊಂದಾಗಿ ನೋಡಿ ಮರ್ಜ್ ಮಾಡಿ. ಮೊದಲು ಅಜ್ಜಂದಿರಿಬ್ಬರನ್ನು ಒಬ್ಬರಾಗಿಸಿ, ಆಮೇಲೆ ಅಜ್ಜಿಯನ್ನು, ಆಮೇಲೆ ಮಕ್ಕಳನ್ನು. ಹುಲಿಗೆಮ್ಮಂದಿರ ವಿಷಯದಲ್ಲಿ ಮಾತ್ರ ಅದರ ಸಲಹೆ ನಂಬಬೇಡಿ. ತಂದೆ, ಗಂಡ, ತವರೂರು ಮೂರೂ ಹೊಂದಿದರೆ ಮಾತ್ರ ಮರ್ಜ್.

ದತ್ತು ಹೋದ ಹುಡುಗನನ್ನು ಎರಡೂ ಫ್ಯಾಮಿಲಿಯಲ್ಲಿ ಮಗನಾಗಿ ಹಾಕಿ. ದೊಡ್ಡಪ್ಪನ ಮನೆಯಲ್ಲಿ ಹುಟ್ಟಿನಿಂದ, ಕಾಕಾನ ಮನೆಯಲ್ಲಿ ದತ್ತು ಅಂತ ಸಂಬಂಧದ ಬಗೆ ಆರಿಸುವ ಜಾಗ ಇದೆ. ಬಳ್ಳಾರಿಯ ಅಕ್ಕ ಹೇಳಿದ ಲೆಕ್ಕಕ್ಕೆ ಹುಟ್ಟಿದ ಮನೆ ಬೇಕು, ಆಸ್ತಿ ವಿಷಯಕ್ಕೆ ದತ್ತು ಹೋದ ಮನೆ ಬೇಕು.

ಉಗಾದಿಗೆ ಫ್ಲೆಕ್ಸ್ ಹಾಕಿಸುವುದಾದರೆ ರಿಲೇಶನ್‌ಶಿಪ್ ಗ್ರಾಫ್ ಅನ್ನುವ ವರದಿ ತೆಗೆಯಿರಿ. ಅದರಲ್ಲಿ ಒಬ್ಬರು ಒಂದೇ ಸಲ ಬರುತ್ತಾರೆ, ಗೆರೆಗಳು ಒಂದನ್ನೊಂದು ದಾಟುತ್ತವೆ, ನಿಮ್ಮಂಥ ಮನೆಗೆ ಅದೇ ಸರಿ. ಫಾಂಟ್ ಆರಿಸುವಲ್ಲಿ ನೋಟೋ ಸಾನ್ಸ್ ಕನ್ನಡದಂಥ ಕನ್ನಡ ಫಾಂಟ್ ಕೊಡಿ, ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಚೌಕಗಳು ಬರುತ್ತವೆ. ಫ್ಲೆಕ್ಸ್‌ನಲ್ಲಿ ಬದುಕಿರುವವರ ಹುಟ್ಟಿದ ತಾರೀಖು, ಫೋನ್ ನಂಬರ್ ಬೇಡ. ಮುಟ್ಟಿ ತಿದ್ದಲು ಒಂದು ಪೆನ್ನನ್ನು ದಾರ ಕಟ್ಟಿ ಅದರ ಪಕ್ಕದಲ್ಲೇ ತೂಗುಹಾಕಿ. ನಮ್ಮ ಮನೆಯಲ್ಲಿ ಊಟ ಮುಗಿಯುವುದರೊಳಗೆ ಅತ್ತೆಯಂದಿರೆಲ್ಲ ಸೇರಿ, ಬಿಟ್ಟುಹೋಗಿದ್ದ ಒಂದು ಇಡೀ ಕವಲನ್ನೇ ಬರೆದಿಟ್ಟಿದ್ದರು.